ಮಂಜಿನಲ್ಲಿ ನಾಲ್ಕನೆಯ ಸ್ಥಾನ

ಅಲ್ ಸದ್ದ್

ಕತಾರಿನಲ್ಲಿ ಚಹಾ ಕುಡಿಯಲು ಕಾರಿನಿಂದ ಇಳಿಯುವ ಪದ್ಧತಿಯಿಲ್ಲ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಮ್ಮೆ ಹಾರ್ನ್ ಒತ್ತಿದರೆ ಸಾಕು. ಒಳಗಿನಿಂದ ಒಬ್ಬರು ಬಂದು ಕಿಟಕಿಗೆ ಬಾಗಿ, ಎಷ್ಟು ಎಂದು ಬೆರಳಿನಲ್ಲೇ ಕೇಳಿ, ಏಲಕ್ಕಿ ಹಾಕಿ ಕೆಂಪಗೆ ಕುದಿಸಿದ ಕರಕ್ ಚಹಾವನ್ನು ಕಾಗದದ ಲೋಟಗಳಲ್ಲಿ ತಂದುಕೊಡುತ್ತಾರೆ. ನನಗಿದು ತಿಳಿದಿರಲಿಲ್ಲ. ದೋಹಾಕ್ಕೆ ಬಂದಿಳಿದ ಮರುದಿನ ಸಂಜೆ, ಭಾವ ಗಾಡಿ ನಿಲ್ಲಿಸಿದ ಕೂಡಲೇ ನಾನು ಮೈಸೂರಿನ ಅಭ್ಯಾಸದಂತೆ ಇಳಿದು ಅಂಗಡಿಯ ಬಾಗಿಲಿಗೆ ಹೋಗಿ ನಿಂತೆ. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಮಾಡಿದವು. ನನ್ನನ್ನು ಗದರಿಸುತ್ತಿದ್ದಾರೆಂದು ತಿಳಿದು ಎಲ್ಲ ಗಾಡಿಗಳಿಗೂ ಕೈಮುಗಿದೆ. ಅವರು ಚಹಾ ಕೇಳುತ್ತಿದ್ದರು, ಅಷ್ಟೆ.

“ಒಳಗೆ ಬಂದು ಕೂತ್ಕೊಳ್ಳೇ. ನಿನ್ನನ್ನ ಅಂಗಡಿಯವಳು ಅಂದ್ಕೊಂಡಿದಾರೆ,” ಎಂದು ಅಕ್ಕ ಕಿಟಕಿಯಿಂದ ಕರೆದಳು.

ಅಕ್ಕ ಮತ್ತು ಭಾವ ಅಲ್ ಸದ್ದ್‌ನಲ್ಲಿ ಬಾಡಿಗೆಯ ಫ್ಲ್ಯಾಟಿನಲ್ಲಿ ಬಹಳ ವರ್ಷಗಳಿಂದ ಇದ್ದಾರೆ. ನಾನು ಕಾಲೇಜಿನಲ್ಲಿ ಕಲಿಸುವವಳು. ವಿದ್ಯಾರ್ಥಿನಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ, ಆಮೇಲೆ ಒಂದು ಧ್ಯೇಯಕ್ಕೆ ಅಂಟಿಕೊಂಡಿತು: ನಮ್ಮ ಜನರಿಗೆ ವಾದಿಸಲು ಕಲಿಸಬೇಕು, ಕೂಗಾಡುವುದನ್ನು ಮರೆಸಬೇಕು. ಗ್ರಾಮಸಭೆಗಳಲ್ಲಿ, ಸಂಘಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ. ಮೈಸೂರಿನಿಂದ ಹೊರಡುವಾಗ ಈ ಧ್ಯೇಯವನ್ನು ಮನೆಯಲ್ಲೇ ಬಿಟ್ಟು ಬಾ, ಸಮುದ್ರ ನೋಡೋಣ ಎಂದು ಅಕ್ಕ ಎಚ್ಚರಿಸಿದ್ದಳು. ಆದರೆ ಆ ಸಂಜೆಯೇ ಧ್ಯೇಯ ತಾನಾಗಿ ನನ್ನ ಕಿಟಕಿಗೆ ಬಂತು.

ಬಿಳಿಯ ಕಾರೊಂದು ಎದುರು ದಿಕ್ಕಿನಿಂದ ಬಂದು, ನಮ್ಮ ಕಾರಿನ ಪಕ್ಕದಲ್ಲಿ ಕಿಟಕಿಗೆ ಕಿಟಕಿ ತಾಗುವಂತೆ ನಿಂತಿತು. ಎರಡು ಗಾಡಿಗಳು ಹೀಗೆ ತಲೆಗೆ ಬಾಲವಾಗಿ ನಿಂತರೆ ಅದು ಇಲ್ಲಿಯ ಜಗಲಿ. ಮನೆಗಳು ಚಿಕ್ಕವು, ಮಕ್ಕಳು ಓದುತ್ತಿರುತ್ತಾರೆ, ಸಂಘದ ಸಭೆಗಳೆಲ್ಲ ಚಹಾದ ಅಂಗಡಿಯ ಮುಂದೆ ಕಾರುಗಳಲ್ಲೇ ನಡೆಯುತ್ತವೆ. ಆ ಕಾರಿನಲ್ಲಿದ್ದವರು ಪ್ರಸಾದ್. ಮಂಗಳೂರಿನ ಕಡೆಯವರು, ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ. ಭಾವ ನಡೆಸುವ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಅಲ್ ಸದ್ದ್‌ನ ತಂಡಕ್ಕೆ ನಾಯಕ.

ಆ ಪಂದ್ಯಾವಳಿಯ ಸ್ವರೂಪವನ್ನು ಹೇಳಿಬಿಡುತ್ತೇನೆ. ಕರ್ನಾಟಕದ ಬೇರೆಬೇರೆ ಕಾಲೇಜುಗಳಲ್ಲಿ ಓದಿ ಕತಾರಿಗೆ ಬಂದವರು ತಮ್ಮ ತಮ್ಮ ಕಾಲೇಜಿನ ಹೆಸರಿನಲ್ಲಿ ತಂಡ ಕಟ್ಟಿ, ಚಳಿಗಾಲದಲ್ಲಿ ವಾರದ ರಜೆಯಾದ ಶುಕ್ರವಾರಗಳ ಸಂಜೆ ಆಡುತ್ತಾರೆ. ಮಾತಿನಲ್ಲಿ ಮಾತ್ರ ತಂಡಗಳನ್ನು ಅವರು ಇರುವ ಜಾಗದ ಹೆಸರಿನಿಂದಲೇ ಕರೆಯುವುದು. ಹೊಟ್ಟೆ ಬಂದಿದೆ, ಮೊಣಕಾಲು ನೋಯುತ್ತದೆ, ಆದರೂ ಅಂಗಿಯ ಮೇಲೆ ಕಾಲೇಜಿನ ಹೆಸರಿದ್ದರೆ ಓಡುತ್ತಾರೆ. ಅದು ವಿಶ್ವಕಪ್ಪಿನ ವರ್ಷ. ವರ್ಷದ ಕೊನೆಗೆ ಬರಬೇಕಾದ ಜಗತ್ತಿಗಾಗಿ ಊರು ಫೆಬ್ರವರಿಯಲ್ಲೇ ಅಲಂಕರಿಸಿಕೊಂಡು ಕಾಯುತ್ತಿತ್ತು. ಯಾವ ದೇಶಗಳು ಬರಲು ಯೋಗ್ಯ ಎಂಬ ಚರ್ಚೆ ಎಲ್ಲ ಭಾಷೆಗಳಲ್ಲೂ ನಡೆದಿತ್ತು. ಭಾವನ ಪಂದ್ಯಾವಳಿಯಲ್ಲಿಯೂ ಅದೇ ಪ್ರಶ್ನೆ ಎದ್ದಿತ್ತು. ಸೆಮಿಫೈನಲ್ಲಿಗೆ ನಾಲ್ಕು ತಂಡ ಬೇಕು. ಮೂರು ಗೊತ್ತಾಗಿವೆ. ನಾಲ್ಕನೆಯದು ಅಲ್ ಸದ್ದ್‌ನ ತಂಡವೋ, ಮೆಸಯೀದ್‌ನ ತಂಡವೋ?

ಮೆಸಯೀದ್‌ನವರು ಆಡಿದ ಯಾವ ಪಂದ್ಯವನ್ನೂ ಸೋತಿರಲಿಲ್ಲ. ಆದರೆ ಅಲ್ ಸದ್ದ್ ತಂಡದೊಡನೆ ಆಡಬೇಕಾಗಿದ್ದ ದಿನ ಅವರು ಬರಲೇ ಇಲ್ಲ. ನಿಯಮದಂತೆ ಆ ಪಂದ್ಯ ಅಲ್ ಸದ್ದ್‌ಗೆ ಹೋಯಿತು; ಅದರಿಂದ ಅಲ್ ಸದ್ದ್ ಒಂದೇ ಒಂದು ಅಂಕ ಮುಂದಾಯಿತು.

“ಬರುವುದೂ ಒಂದು ಆಟವೇ ಮೇಡಂ,” ಎಂದರು ಪ್ರಸಾದ್, ನನಗೆ ಕೇಳುವಂತೆ ಕಿಟಕಿಯಿಂದ ತಲೆ ಹೊರಹಾಕಿ. “ಚಂದ ಆಡುವವ ಮನೆಯಲ್ಲಿ ಕೂತ್ರೆ ಎಂತ ಪ್ರಯೋಜನ? ನಾವು ಒಂದು ಶುಕ್ರವಾರ ತಪ್ಪಿಸಿದ್ದುಂಟಾ, ಕೇಳಿ ನಿಮ್ಮ ಭಾವನ ಹತ್ರ.”

ನನಗೆ ರೋಮಾಂಚನವಾಯಿತು. ಬಲಶಾಲಿಯಾದವನು ಯೋಗ್ಯನೋ, ನಿಯಮಕ್ಕೆ ನಿಷ್ಠನಾದವನು ಯೋಗ್ಯನೋ? ಕಾಲೇಜಿನ ಸಭಾಂಗಣದಲ್ಲಿ ಗಂಟೆ ಬಾರಿಸುವವರೆಗೆ ನಾವು ಹೊಡೆದಾಡುತ್ತಿದ್ದುದು ಇಂಥ ಪ್ರಶ್ನೆಗಳ ಮೇಲೆಯೇ. ಭಾವ ನನ್ನ ಮುಖ ನೋಡಿ, “ನೀನೇ ತೀರ್ಪು ಕೊಡು. ಹೊರಗಿನವಳು. ನಾನು ಯಾರ ಪರ ಹೇಳಿದ್ರೂ ಒಂದು ಕಡೆಯವರು ಮಾತು ಬಿಡ್ತಾರೆ,” ಎಂದರು. ಅಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡಳು.

ಮೆಸಯೀದ್

ಇನ್ನೊಂದು ಪಕ್ಷವನ್ನು ಅವರ ನೆಲದಲ್ಲೇ ಕೇಳಬೇಕೆಂದು ನಾನು ಹಟ ಹಿಡಿದೆ. ಮರುದಿನ ಭಾವ ದಕ್ಷಿಣಕ್ಕೆ ಕರೆದೊಯ್ದರು.

ಊರು ಮುಗಿದದ್ದು ತಿಳಿಯಲೇ ಇಲ್ಲ. ಕಟ್ಟಡಗಳು ತೆಳುವಾಗುತ್ತ ಬಂದು, ಒಂದು ಕಡೆ ಬರಿಯ ಬೆಳಕಾಗಿ ಉಳಿದವು. ಮರಳು ನಾನು ಎಣಿಸಿದಂತೆ ಹಳದಿಯಾಗಿರಲಿಲ್ಲ, ತೊಳೆದ ರಾಗಿಯ ಬಣ್ಣದ್ದಾಗಿತ್ತು. ದೂರದಲ್ಲಿ ಸ್ಥಾವರಗಳ ಎತ್ತರದ ಕೊಳವೆಗಳ ತುದಿಯಲ್ಲಿ, ಉಳಿದ ಅನಿಲವನ್ನು ಸುಡುವ ಉರಿ ಹೊತ್ತಿಕೊಂಡಿತ್ತು. ಹಗಲಿನಲ್ಲಿ ಆ ಉರಿಗೆ ಬಣ್ಣವಿಲ್ಲ, ಅದರ ಹಿಂದಿನ ಆಕಾಶ ಮಾತ್ರ ನೀರಿನಂತೆ ನಡುಗುತ್ತದೆ. ಅದನ್ನೇ ನೋಡುತ್ತ ನಾನು ಕಣ್ಣು ತೆರೆದುಕೊಂಡೇ ನಿದ್ದೆ ಹೋದೆನೇನೋ. ಎಚ್ಚರವಾದಾಗ ಮೆಸಯೀದ್‌ನ ಕಂಪನಿ ವಸತಿಯ ಗೇಟಿನಲ್ಲಿದ್ದೆವು.

ಮೆಸಯೀದ್ ತಂಡದ ನಾಯಕ ಶಿವಾನಂದ. ಬಾಗಲಕೋಟೆಯ ಕಡೆಯವರು, ರಾಸಾಯನಿಕ ಸ್ಥಾವರದಲ್ಲಿ ತಂತ್ರಜ್ಞ, ತಂಡಕ್ಕೆ ಗೋಲ್‌ಕೀಪರ್. ರಾತ್ರಿಪಾಳಿ ಮುಗಿಸಿ ಮಲಗಿ ಆಗ ತಾನೆ ಎದ್ದಿದ್ದರು. “ಬರ್ರಿ ಅಕ್ಕಾರ, ಕೂಡ್ರಿ,” ಎಂದು ಮಂಚದ ಮೇಲಿದ್ದ ಹೊದಿಕೆಯನ್ನು ಸರಿಸಿ ಜಾಗ ಮಾಡಿದರು. ಊರಿನಿಂದ ಬಂದಿದ್ದ ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿಗೆ ಮೊಸರು ಕಲಸಿ ಕೊಟ್ಟರು. ಕೋಣೆಯ ಇನ್ನಿಬ್ಬರು ಹೊದ್ದು ಮಲಗಿದ್ದರಿಂದ ನಮ್ಮ ವಿಚಾರಣೆಯೆಲ್ಲ ಪಿಸುಮಾತಿನಲ್ಲೇ ನಡೆಯಿತು. ಗರಿಗರಿ ರೊಟ್ಟಿಯನ್ನು ಸದ್ದಿಲ್ಲದೆ ಅಗಿಯುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಅವರು ಹೇಳಿದ್ದರ ಸಾರ ಇದು. ಸ್ಥಾವರದ ಯಂತ್ರಗಳನ್ನೆಲ್ಲ ನಿಲ್ಲಿಸಿ ದುರಸ್ತಿ ಮಾಡುವ ಕಾಲಕ್ಕೆ ಅಲ್ಲಿ ಶಟ್‌ಡೌನ್ ಎನ್ನುತ್ತಾರೆ. ಆಗ ಯಾರಿಗೂ ರಜೆಯಿಲ್ಲ. ಆ ಶುಕ್ರವಾರ ಕೆಲಸ ಶುರುವಾದದ್ದು ನಿಲ್ಲಲಿಲ್ಲ. ಒಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನಲ್ಲೇ ಕೊಟ್ಟುಹೋಗಬೇಕು. ಹೊರಬಂದು ಫೋನ್ ನೋಡುವಾಗ ಪಂದ್ಯ ಅಲ್ ಸದ್ದ್‌ಗೆ ಹೋಗಿಯಾಗಿತ್ತು.

ಮುಂದಿನ ವರ್ಷ ನೋಡಿದರಾಯಿತಲ್ಲ ಎಂದೆ. ಶಿವಾನಂದ ತಲೆಯಾಡಿಸಿದರು. ಈ ಕೆಲಸ ಮುಗಿದರೆ ತಂಡದ ಅರ್ಧ ಜನ ಬೇರೆ ಕಡೆಯ ಸ್ಥಾವರಕ್ಕೆ, ಉಳಿದವರು ಊರಿಗೆ. ಮುಂದಿನ ವರ್ಷ ತಂಡವೇ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರೆಲ್ಲ ಓದಿದ ಪಾಲಿಟೆಕ್ನಿಕ್ ಕೂಡ ಈಗ ಇಲ್ಲ.

“ಬಂದ್ ಆತ್ರಿ ಅದು,” ಎಂದರು. “ಈಗ ಅದರಾಗ ಹತ್ತಿ ಇಡ್ತಾರ. ಗೋಡೌನ್ ಮಾಡ್ಯಾರ. ನಾವ್ ಡ್ರಾಯಿಂಗ್ ತಗದ ಹಾಲ್‌ನ್ಯಾಗ ಹತ್ತಿ ಅಂಡಿಗಿ ಅದಾವು.”

ಸ್ವಲ್ಪ ಹೊತ್ತು ರೊಟ್ಟಿಯ ಚೂರನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಪಂದ್ಯಾವಳಿಯ ಪದ್ಧತಿಯೊಂದನ್ನು ಹೇಳಿದರು. ಮೊದಲ ಸುತ್ತಿನ ಪಂದ್ಯಗಳಿಗೆ ಮೈಕ್ ಇರುವುದಿಲ್ಲ. ಹಳದಿ ಅಂಗಿಯವರು, ನೀಲಿ ಅಂಗಿಯವರು ಎಂದಷ್ಟೇ ಕರೆಯುತ್ತಾರೆ. ಸೆಮಿಫೈನಲ್ಲಿಗೆ ಮೈಕ್ ತರಿಸುತ್ತಾರೆ. ಹೆಂಗಸರು ಮಕ್ಕಳು ಎಲ್ಲ ಬಂದು ಕೂತಿರುತ್ತಾರೆ. ಆಟಕ್ಕೆ ಮೊದಲು ಕಾಲೇಜಿನ ಪೂರ್ತಿ ಹೆಸರನ್ನು ಓದುತ್ತಾರೆ.

“ಒಮ್ಮೆ ಮೈಕಿನ್ಯಾಗ ಒದರಿದ್ರ ಸಾಕಿತ್ರಿ ಅಕ್ಕಾರ. ಕಪ್ಪ್ ಗಿಪ್ಪ್ ಬ್ಯಾಡ.”

ಮರುಕ ವಾದವಲ್ಲವೆಂದು ನಾನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದೇನೆ. ತಿರುಗಿ ಬರುವಾಗ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಕತ್ತಲಾಗುತ್ತ ಬಂದಂತೆ ಕೊಳವೆಯ ಉರಿಗಳಿಗೆ ಬಣ್ಣ ಬಂತು. ಹಿಂದೆ ತಿರುಗಿ ನೋಡಿದಾಗಲೆಲ್ಲ ಅವು ಅಷ್ಟೇ ಹತ್ತಿರದಲ್ಲಿದ್ದಂತೆ ಕಂಡವು.

ಮತ್ತೆ ಅಲ್ ಸದ್ದ್

ವಿಚಾರಣೆ ಎರಡು ದಿನ ಬಿಟ್ಟು, ಅದೇ ಚಹಾದ ಅಂಗಡಿಯ ಮುಂದೆ. ಶಿವಾನಂದ ಪಾಳಿಗೆ ಮುಂಚೆ ಯಾರದೋ ಗಾಡಿ ಕೇಳಿಕೊಂಡು ಬಂದಿದ್ದರು. ಅದು ಮತ್ತು ಪ್ರಸಾದರ ಬಿಳಿಯ ಕಾರು ಕಿಟಕಿಗೆ ಕಿಟಕಿಯಾಗಿ ನಿಂತವು. ನಾನೂ ಅಕ್ಕನೂ ಪ್ರಸಾದರ ಹಿಂದಿನ ಸೀಟಿನಲ್ಲಿ. ಭಾವ ಶಿವಾನಂದರ ಹಿಂದಿನ ಸೀಟಿನಲ್ಲಿ.

ನನ್ನ ಕಾಲೇಜು ದಿನಗಳಲ್ಲಿ ಯಾರು ಯಾವ ಪಕ್ಷವೆಂಬುದನ್ನು ವೇದಿಕೆ ಹತ್ತುವಾಗ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ನಮಗೆ ಒಪ್ಪಿಗೆಯಿಲ್ಲದ ಪಕ್ಷವನ್ನೂ ಮನಸಾರೆ ವಾದಿಸಬೇಕಾಗುತ್ತಿತ್ತು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದವನಿಗೆ ಮಾತ್ರ ತನ್ನ ಮಾತನ್ನು ಹೇಳುವ ಹಕ್ಕಿದೆ ಎಂಬುದು ನನ್ನ ನಂಬಿಕೆ. ಅದನ್ನೇ ಇಲ್ಲಿ ಜಾರಿಗೆ ತಂದೆ. ಪ್ರಸಾದರು ಮೆಸಯೀದ್‌ನ ಪರ ಮಾತಾಡತಕ್ಕದ್ದು, ಶಿವಾನಂದರು ಅಲ್ ಸದ್ದ್‌ನ ಪರ.

“ಹಾಗಾದ್ರೆ ಗಾಡಿಯೂ ಬದಲಾಗ್ಲಿ,” ಎಂದು ಪ್ರಸಾದ್ ನಗುತ್ತ ಇಳಿದರು. ಇಬ್ಬರೂ ಜಾಗ ಬದಲಿಸಿ ಕೂತರು. ಚಹಾ ತಂದವನು ಕಂಗಾಲಾದ. ಸಕ್ಕರೆಯಿಲ್ಲದ ಚಹಾ ಬಿಳಿಯ ಕಾರಿಗೆ ಎಂದು ಅವನಿಗೆ ವರ್ಷಗಳ ರೂಢಿ. ಶಿವಾನಂದ ಒಂದು ಗುಟುಕು ಕುಡಿದು ಮುಖ ಕಿವಿಚಿದರೂ ಪೂರ್ತಿ ಮುಗಿಸಿದರು.

ಪ್ರಸಾದ್ ಮೊದಲು ತಮಾಷೆಯಾಗಿಯೇ ಆರಂಭಿಸಿದರು. ಆಡಿದ ಪಂದ್ಯಗಳನ್ನು ವಿವರಿಸಿದರು, ಮೆಸಯೀದ್‌ನವರ ಓಟವನ್ನು ಹೊಗಳಿದರು. ಆಮೇಲೆ ಮಾತು ನಿಧಾನವಾಯಿತು. ಅಪರಿಚಿತ ಗಾಡಿಯ ಸ್ಟಿಯರಿಂಗ್ ಹಿಡಿದು ಮುಂದಿನ ಗಾಜಿನ ಕಡೆ ನೋಡುತ್ತ ಹೇಳಿದರು:

“ನಾವು ಎಲ್ಲ ಶುಕ್ರವಾರ ಬಂದೆವು ಅಂತ ನಾನು ದೊಡ್ಡದಾಗಿ ಹೇಳಿದ್ದೆ, ಅಲ್ವಾ ಮೇಡಂ? ನಮಗೆ ರಜೆ ಉಂಟು, ಬಂದೆವು. ಅದು ನಮ್ಮ ಕಂಪನಿಯ ಗುಣ. ನಮ್ಮದೆಂತ ಅದರಲ್ಲಿ?”

ಇನ್ನು ಶಿವಾನಂದರ ಸರದಿ. ಅವರು ನನ್ನ ಮುಂದಿನ ಸೀಟಿನಲ್ಲಿದ್ದುದರಿಂದ ನನಗೆ ಕಂಡದ್ದು ಅವರ ಹಿಂದಲೆ ಮಾತ್ರ.

“ಆ ದಿವಸ ಟೈಮ್ ಮುಗಿದ ಮ್ಯಾಲೂ ಅಲ್ ಸದ್ದ್‌ನವರು ಇನ್ನೊಂದೀಟ್ ಕಾಯೋಣ ಅಂತ ಚಳ್ಯಾಗ ನಿಂತಿದ್ರಂತ. ಆಮ್ಯಾಲೆ ಕೇಳೀನಿ,” ಎಂದರು. “ನಮಗ ಹಿಂದಿನ ದಿನಾನ ಡೌಟ್ ಇತ್ರಿ. ಶಟ್‌ಡೌನ್ ಐತಿ, ಬಿಡ್ತಾರೋ ಇಲ್ಲೋ ಅಂತ. ಒಂದ್ ಮಾತ್ ಹೇಳಿದ್ರ ಇವರು ಬ್ಯಾರೆ ದಿನ ನೋಡ್ತಿದ್ರು. ಬ್ಯಾರೆ ದಿನ ಸಿಗಲಿಲ್ಲಂದ್ರ ಮ್ಯಾಚ್ ಹೊಕ್ಕೈತಿ ಅಂತ ಹೆದರಿ ನಾ ಹೇಳಲಿಲ್ಲ. ಕಾಯಿಸಿದವರು ನಾವು, ಕಾದವರು ಇವರು. ಜಾಗಾ ಇವರದು.”

ಪಕ್ಕದ ಗಾಡಿಯಿಂದ ಪ್ರಸಾದರ ತಲೆ ಹೊರಬಂತು. “ನನ್ನ ಪರ ಇಷ್ಟು ಲಾಯಕ್ ವಾದ ಮಾಡ್ಬೇಕಂತ ಯಾರು ಹೇಳಿದ್ದು ಮಾರಾಯ್ರೆ? ಅದನ್ನೆಲ್ಲ ಯಾಕೆ ಹೇಳ್ಲಿಕ್ಕೆ ಹೋದ್ರಿ?”

“ಮೇಡಮ್ಮಾರು ಹೇಳಂದ್ರು, ಹೇಳಿದೆ.”

“ನಮಗೆ ಬೇಡ ಈ ಜಾಗ. ನೀವು ಆಡಿ.”

“ಅದ್ಹೆಂಗ್ರಿ? ಈಗ ತಾನ ನಾ ನಿಮಗ ಗೆದ್ದ್ ಕೊಟ್ಟೀನಿ.”

ಮುಂದೆ ನಡೆದದ್ದನ್ನು ಯಾವ ಚರ್ಚೆಯ ಪಠ್ಯದಲ್ಲೂ ನಾನು ಓದಿಲ್ಲ. ಇಬ್ಬರೂ ತಾವು ಹೇಳಿದ್ದನ್ನು ತಾವೇ ನಂಬಿಬಿಟ್ಟಿದ್ದರು. ಮೊದಲು ನಮಗೆ ಕೊಡಿ ಎಂದು ಜಗಳವಿತ್ತು. ಈಗ ನೀವು ತೆಗೆದುಕೊಳ್ಳಿ ಎಂದು ಜಗಳ, ದನಿ ಮೊದಲಿಗಿಂತ ದೊಡ್ಡದು. ನಾನು ತಂದ ಸುಧಾರಣೆಯಿಂದ ಎರಡು ಪಕ್ಷಗಳಿದ್ದಲ್ಲಿ ಎರಡು ಪಕ್ಷಗಳೇ ಉಳಿದವು, ತಿರುಗುಮುರುಗಾಗಿ. ಹಿಂದಿನ ಗಾಡಿಯ ಅರಬ ಯಜಮಾನರೊಬ್ಬರು ಚಹಾ ಮುಗಿಸಿ, ನಮ್ಮ ಗಲಾಟೆಯನ್ನು ತಾಳ್ಮೆಯಿಂದ ಕೇಳಿ, ಇನ್ನೊಂದು ಚಹಾ ತರಿಸಿಕೊಂಡರು. ಭಾವ ಎರಡು ಕಿಟಕಿಗಳ ನಡುವೆ ಕೈ ತೂರಿಸಿ, “ಖಲಾಸ್. ಸಾಕು. ತೀರ್ಪು ಕೊಡಮ್ಮ,” ಎಂದರು.

ಇಬ್ಬರ ಮಾತೂ ಸರಿಯಿತ್ತು, ಇಬ್ಬರ ಮಾತೂ ಅವರಿಗೇ ವಿರುದ್ಧವಾಗಿತ್ತು.

ಆಗ ಅಕ್ಕ, ಲೋಟವನ್ನು ಮಡಿಸುತ್ತ ಕೇಳಿದಳು. “ಆಡದೇ ಉಳಿದಿರೋ ಮ್ಯಾಚು ಒಂದೇ ತಾನೇ? ಅದನ್ನ ಆಡಿಬಿಟ್ರೆ ಏನಾಗುತ್ತೆ?”

ದಿನ ಸಿಗುವುದಿಲ್ಲವೆಂದು ಭಾವ ವಿವರಿಸಿದರು. ಸೆಮಿಫೈನಲ್ ಮುಂದಿನ ತಿಂಗಳ ಮೊದಲಲ್ಲೇ; ಅಲ್ಲಿಯವರೆಗೆ, ಈ ತಿಂಗಳು ಪೂರ್ತಿ, ಮೆಸಯೀದ್‌ನವರಿಗೆ ರಾತ್ರಿಪಾಳಿ. ಸಂಜೆ ಅವರು ಹೊರಡುವ ಹೊತ್ತಿಗೇ ಮೈದಾನದ ದೀಪ ಹಚ್ಚುವುದು. ಹಾಗಾದರೆ ಬೆಳಿಗ್ಗೆ ಎಂದಳು ಅಕ್ಕ. ಪಾಳಿ ಮುಗಿದ ಮೇಲೆ, ಸೀದಾ. ಕಚೇರಿಯ ಜನಕ್ಕೆ ಶುಕ್ರವಾರ ಬೆಳಗು ಎಂಬುದು ಹಾಸಿಗೆಯ ಹೊತ್ತು. ಆ ಹೊತ್ತಿನಲ್ಲಿ ಆಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಪ್ರಸಾದ್ ಶಿವಾನಂದರನ್ನು ನೋಡಿದರು. ರಾತ್ರಿಯೆಲ್ಲ ದುಡಿದು ಬಂದು ಆಡುತ್ತೀರಾ ಎಂದು ಕೇಳಿದರು.

“ನಿದ್ದಿ ಬಸ್ಸಿನ್ಯಾಗ ಮಾಡ್ತೀವ್ರಿ,” ಎಂದರು ಶಿವಾನಂದ. “ನೀವು ಎದ್ದ್ ಬರ್ತೀರೋ ಇಲ್ಲೋ ಅದನ್ ಹೇಳ್ರಿ.”

ಗೆದ್ದವರಿಗೆ ಸ್ಥಾನ ಎಂದು ಮಾತಾಯಿತು. ಇಬ್ಬರೂ ತಮ್ಮ ತಮ್ಮ ಗಾಡಿಗೆ ಮರಳಿದರು.

ಅಲ್ ಥುಮಾಮಾ

ಆ ಶುಕ್ರವಾರ ಬೆಳಿಗ್ಗೆ ಊರು ಇರಲಿಲ್ಲ.

ಮರುಭೂಮಿಯಲ್ಲಿ ಮಂಜು ಬೀಳುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಸಮುದ್ರದ ಕಡೆಯಿಂದ ಬಂದದ್ದಂತೆ. ಮೈಸೂರಿನ ಮಂಜು ಬೆಟ್ಟದ ಮೇಲೆ ಕೂತಿರುತ್ತದೆ, ಕೆಳಗಿನಿಂದ ನೋಡಬಹುದು; ಇದು ನೆಲದ ಮೇಲೆಯೇ ನಡೆದು ಬಂದು ನಮ್ಮನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಅಲ್ ಥುಮಾಮಾದಲ್ಲಿ ಭಾವ ಬಾಡಿಗೆಗೆ ಹಿಡಿಯುವ ಚಿಕ್ಕ ಹುಲ್ಲಿನ ಮೈದಾನವಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ವಿಶ್ವಕಪ್ಪಿಗೆಂದು ಕಟ್ಟಿದ ಕ್ರೀಡಾಂಗಣ, ಇಲ್ಲಿಯ ಗಂಡಸರು ತಲೆವಸ್ತ್ರದ ಕೆಳಗೆ ತೊಡುವ ಹೆಣಿಗೆಯ ಬಿಳಿ ಟೋಪಿಯ ಆಕಾರದ್ದು. ಒಮ್ಮೆ ಅದರ ಮೇಲಂಚು ಮಾತ್ರ ಮಂಜಿನ ಮೇಲೆ ಕಾಣಿಸಿತು, ಯಾರೋ ದೊಡ್ಡವರು ಅಲ್ಲಿ ತಲೆತಗ್ಗಿಸಿ ಕೂತಿರುವಂತೆ. ಮತ್ತೆ ಇಲ್ಲವಾಯಿತು. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ತಲೆಯ ಮೇಲೆ ಕಾಣದ ವಿಮಾನಗಳ ಸದ್ದು ಸುತ್ತುತ್ತಿತ್ತು.

ಪ್ರಸಾದರ ತಂಡ ಮೊದಲೇ ಬಂದು, ಚಳಿಗೆ ಕೈ ಉಜ್ಜುತ್ತ ನಿಂತಿತ್ತು. ಕಂಪನಿಯ ಬಸ್ಸು ದೀಪ ಹಾಕಿಕೊಂಡು ಬಂತು. ಶಿವಾನಂದರ ತಂಡದವರು ಕಣ್ಣು ಕೆಂಪಾಗಿಸಿಕೊಂಡು ಇಳಿದರು. ಎಲ್ಲರೂ ಬಸ್ಸಿನಲ್ಲೇ ಬಟ್ಟೆ ಬದಲಿಸಿ, ಬೆನ್ನಿನ ಮೇಲೆ ಪಾಲಿಟೆಕ್ನಿಕ್ಕಿನ ಹೆಸರಿದ್ದ ಹಳದಿ ಅಂಗಿ ತೊಟ್ಟಿದ್ದರು. ಬಸ್ಸಿನ ಚಾಲಕ ನೇಪಾಳದವನು, ಆ ವಾರವಷ್ಟೇ ಈ ದಾರಿಗೆ ಬಂದವನು. ಪ್ರಯಾಣಿಕರ ಪೈಕಿ ಒಬ್ಬರ ಹೆಸರೂ ತನಗೆ ತಿಳಿಯದೆಂದೂ, ಮುಂದಿನ ಪಾಳಿಯವರನ್ನು ಕರೆತರುವುದಿದೆ, ಬೇಗ ಮುಗಿಸಬೇಕೆಂದೂ ಅವನು ಹಿಂದಿಯಲ್ಲಿ ನನ್ನೊಡನೆ ದೂರಿಕೊಂಡ.

ಭಾವ ಸೀಟಿ ಊದಿದರು. ಆಟವನ್ನು ನಾನು ನೋಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ, ಕೇಳಿದೆ. ಚೆಂಡು ಒದೆಯುವ ಮಂದ ಸದ್ದು, ಏದುಸಿರು, ಕರೆಗಳು. “ಇಲ್ಲಿ, ಇಲ್ಲಿ ಕೊಡು,” “ಎಡಕ್ಕ ನೋಡೋ ಲೇ, ಎಡಕ್ಕ,” “ಯಲ್ಲಾ, ನಡಿ ನಡಿ, ಬಿಡ್ಬೇಡ.” ಒಬ್ಬರು ಮಂಜಿನಿಂದ ಹೊರಬಂದು, ನನ್ನನ್ನು ನೋಡಿ ಬೆಚ್ಚಿ, ಮತ್ತೆ ಒಳಗೆ ಹೋಗುವರು. ಬೆವರಿಗೂ ಮಂಜಿಗೂ ವ್ಯತ್ಯಾಸ ತಿಳಿಯದೆ ಎಲ್ಲರ ಕೂದಲೂ ಬೆಳ್ಳಗಾಗಿತ್ತು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ವಯಸ್ಸಾದಂತೆ ಕಂಡಿತು. ಅಕ್ಕ ನನ್ನ ಶಾಲಿನ ಅರ್ಧವನ್ನು ಎಳೆದು ಹೊದ್ದುಕೊಂಡಳು. ಯಾರು ಮುಂದೆ ಎಂದು ಕೇಳಿದಳು. ಯಾರೂ ಇಲ್ಲ, ಸಮ ಸಮ ಎಂದೆ.

ಕೊನೆಯ ಹೊತ್ತಿನಲ್ಲಿ ಶಿವಾನಂದರ ಗೋಲಿನ ಕಡೆ ಗದ್ದಲವೆದ್ದಿತು. ಕಂಬಕ್ಕೆ ಚೆಂಡು ತಗುಲಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಎಲ್ಲವೂ ನಿಂತಿತು. ಭಾವ ಓಡಿದರು, ನಾನೂ ಅಂಚಿನಲ್ಲೇ ಓಡಿದೆ. ಮೈದಾನದ ಆ ತುದಿಯಲ್ಲಿ ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿ ಇಬ್ಬರು ಬಿದ್ದಿದ್ದರು. ಒದ್ದ ಪ್ರಸಾದ್ ತಾವೂ ಬಿದ್ದು, ಕೆಳಗೆ ಮುಖ ಮಾಡಿದ್ದರು. ಒಳಗೆ ಹೋಯಿತೇ ಎಂದು ಭಾವ ಕೇಳಿದರು. ಹೋಗಿಲ್ಲ, ಕಂಬಕ್ಕೆ ತಾಗಿ ಈಚೆ ಬಂತು ಎಂದರು ಹಳದಿ ಅಂಗಿಯ ಇಬ್ಬರು. ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು, ಕಂಬದ ಸದ್ದು ಎಲ್ಲರಿಗೂ ಕೇಳಿತ್ತು. “ನನಗೆ ಕಾಣ್ಲಿಲ್ಲ,” ಎಂದರು ಪ್ರಸಾದ್, ಎದ್ದು ಹುಲ್ಲು ಕೊಡವುತ್ತ. “ಬಿಡಿ, ಇಲ್ಲ ಅಂತಲೇ ಇಟ್ಕೊಳ್ಳಿ.”

ಮಂಜಿನಿಂದ ಶಿವಾನಂದ ಹೊರಬಂದರು. ಚೆಂಡನ್ನು ಎದೆಗೆ ಅವಚಿಕೊಂಡಿದ್ದರು.

“ಹೋಗಿತ್ರಿ,” ಎಂದರು. “ಗೆರಿ ದಾಟಿತ್ತು. ನಾ ಒಳಗಿಂದ ತಂದೀನಿ.”

ಅವರ ತಂಡದವನೊಬ್ಬ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದ. “ಲೇ ಶಿವ್ಯಾ, ಆ ದಿನ ಗಾಡ್ಯಾಗ ಕುಂತು ಅವರ ಪರ ಮಾತಾಡಿದ್ದು ಸಾಲಲಿಲ್ಲೇನೋ? ಇವತ್ತರ ನಮ್ಮ ಟೀಮಿನ್ಯಾಗ ಆಡೋ,” ಎಂದ. ಒಂದಿಬ್ಬರು ನಕ್ಕರು, ಉಳಿದವರು ನಗಲಿಲ್ಲ. ಭಾವ ಸೀಟಿಯನ್ನು ಬಾಯಿಗಿಟ್ಟು, ಊದದೆ, ನನ್ನ ಕಡೆ ನೋಡಿದರು. ನಾನು ಶಿವಾನಂದರ ಹತ್ತಿರ ಹೋಗಿ, ಮೆಲ್ಲಗೆ, ಯಾರೂ ನೋಡಿರಲಿಲ್ಲವಲ್ಲ ಎಂದೆ. ಇಷ್ಟು ವರ್ಷ ವೇದಿಕೆಯ ಮೇಲೆ ಕಲಿತದ್ದೆಲ್ಲ ಆ ಒಂದು ಪ್ರಶ್ನೆಯಾಗಿ ಬಂತು.

“ನಾ ನೋಡಿದ್ನಲ್ರಿ ಅಕ್ಕಾರ,” ಎಂದರು.

ಭಾವ ಸೀಟಿ ಊದಿದರು. ಸೆಮಿಫೈನಲ್ಲಿಗೆ ಅಲ್ ಸದ್ದ್ ಹೋಯಿತು.

ಯಾರೂ ಕುಣಿಯಲಿಲ್ಲ. ಎರಡೂ ತಂಡದವರು ಮಂಜಿನಲ್ಲಿ ಕೈ ಚಾಚಿ, ಸಿಕ್ಕಿದ ಕೈಯನ್ನು ಕುಲುಕುತ್ತ ನಡೆದರು. ಕೆಲವರು ತಮ್ಮವರದೇ ಕೈ ಕುಲುಕಿದ್ದೂ ಉಂಟು. ಪ್ರಸಾದ್ ಬಹಳ ಹೊತ್ತು ಶಿವಾನಂದರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅಕ್ಕ ಮನೆಯಿಂದ ತಂದಿದ್ದ ಇಡ್ಲಿಯ ಡಬ್ಬಿ ತೆರೆದಳು. ಆವಿ ಮಂಜಿಗೆ ಸೇರಿತು. ಜನ ಅಲ್ಲಲ್ಲಿ ಚದುರಿ ಹುಲ್ಲಿನ ಮೇಲೆ ಕೂತು ತಿನ್ನತೊಡಗಿದರು. ಯಾರು ಎಲ್ಲಿದ್ದಾರೆಂದು ಕಾಣುತ್ತಿರಲಿಲ್ಲ.

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಒಮ್ಮೆ, ಮತ್ತೊಮ್ಮೆ. ಯಾರೂ ಏಳಲಿಲ್ಲ. ಚಾಲಕ ಇಳಿದು ಬೇಲಿಯ ಹತ್ತಿರ ಬಂದ. ಅವನಿಗೆ ಹೊತ್ತಾಗಿತ್ತು. ಹಾರ್ನಿಗೆ ಬರದವರನ್ನು ಹೆಸರು ಹಿಡಿದು ಕರೆಯಬೇಕು, ಅವನಿಗೆ ಒಬ್ಬರ ಹೆಸರೂ ಗೊತ್ತಿಲ್ಲ. ಬೇಲಿಯ ಹತ್ತಿರ ನಮಗೆ ಬೆನ್ನು ಮಾಡಿ ಕೂತಿದ್ದ ಒಬ್ಬ ಆಟಗಾರನ ಅಂಗಿಯ ಮೇಲೆ ಅವನ ಕಣ್ಣು ಬಿತ್ತು. ಅಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಓದಿಕೊಂಡ. ಆಮೇಲೆ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಊರಿನ ಹೆಸರಿನಿಂದ ಹಿಡಿದು ಪಾಲಿಟೆಕ್ನಿಕ್ ಎಂಬ ಕೊನೆಯ ಪದದವರೆಗೆ, ಒಂದು ಪದವನ್ನೂ ಬಿಡದೆ ಮಂಜಿನೊಳಕ್ಕೆ ಕೂಗಿದ.

ಹುಲ್ಲಿನ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ಇಡ್ಲಿ ಹಿಡಿದ ಕೈಯಲ್ಲೇ ಎದ್ದು ನಿಂತ. ಚಾಲಕ ಮತ್ತೆ ಕೂಗಿದ, ಈ ಬಾರಿ ಸಿಟ್ಟಿನಿಂದ, ಇನ್ನೂ ಗಟ್ಟಿಯಾಗಿ. ಕಾಣದ ತುದಿಯೊಂದರಿಂದ ಶಿವಾನಂದರ ದನಿ ಬಂತು.

“ಬಂದ್ವಿ, ಬಂದ್ವಿ.”